ನಮ್ಮ ಪಡಸಾಲೆಯ ಪರಸಿ ಕಲ್ಲು

ಓಡೆನ್ಸ್, ಡೆನ್ಮಾರ್ಕ್

ಅಪ್ಪ, ಅವ್ವನಿಗೆ ನಮಸ್ಕಾರ.

ನಾನು ಆರಾಮಾಗಿದ್ದೇನೆ. ಜೋಳದ ಹಿಟ್ಟು ಮುಗಿಯುತ್ತಾ ಬಂತು, ಶೇಂಗಾ ಹಿಂಡಿ ಇನ್ನೂ ಇದೆ. ಮೊನ್ನೆ ಅಪ್ಪ ಕೇಳಿದ್ದರು, "ಅಷ್ಟು ದೂರ ಹೋಗಿ ಕಲ್ಲು ಕರಗಿಸೋದು ಯಾಕೆ?" ಅಂತ. ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ, ಅದಕ್ಕೇ ಈ ಪತ್ರ.

ಅವ್ವ, ಪಡಸಾಲೆಯ ಪರಸಿ ಮೇಲೆ ನಿಂಬೆರಸ ಚೆಲ್ಲಿದರೆ ನೀನು ಬೈಯುತ್ತಿದ್ದೆ. ಎಷ್ಟು ಒರೆಸಿದರೂ ಕಲೆ ಹೋಗುತ್ತಿರಲಿಲ್ಲ. ಹುಳಿ ಸುಣ್ಣದಕಲ್ಲನ್ನು ತಿನ್ನುತ್ತದೆ. ನಾನಿಲ್ಲಿ ಮಾಡುವುದೂ ಅದೇ. ಕಲ್ಲನ್ನು ಪುಡಿ ಮಾಡಿ, ವಿನೆಗರ್‌ನಲ್ಲಿ ಇರುವಂಥ ಮೆದು ಆಮ್ಲದಲ್ಲಿ ಕರಗಿಸುತ್ತೇನೆ. ಮೊದಲ ಸಲ ಜೋರಾದ ಆಮ್ಲ ಹಾಕಿಬಿಟ್ಟೆ. ಕಲ್ಲಿನೊಳಗಿನ ಜೇಡಿಮಣ್ಣೂ ಸ್ವಲ್ಪ ಕರಗಿ ಬೆರೆತು ಮೂರು ವಾರದ ಲೆಕ್ಕ ಕೆಟ್ಟಿತು. ನನಗೆ ಬೇಕಿರುವುದು ಸಮುದ್ರ ಬಿಟ್ಟುಹೋದ ಸುಣ್ಣ ಮಾತ್ರ.

ಹೌದು, ಸಮುದ್ರ. ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿ, ಸೇಡಂ ಕಡೆಯ ಈ ಕಲ್ಲು ಮೀನು ಹುಟ್ಟುವ ಮೊದಲೇ ಇದ್ದ ಸಮುದ್ರದ ತಳ. ಆ ನೀರಿನಲ್ಲಿ ಆಮ್ಲಜನಕ ಇತ್ತಾ ಅಂತ ಸೀರಿಯಂ ಎಂಬ ಲೋಹ ಹೇಳುತ್ತದೆ. ಲ್ಯಾಂಥನಂ, ಸೀರಿಯಂ, ಪ್ರೇಸಿಯೋಡಿಮಿಯಂ ಒಂದೇ ಮನೆಯ ಅಣ್ಣತಮ್ಮಂದಿರಿದ್ದ ಹಾಗೆ, ಜೊತೆಜೊತೆಗೇ ಇರುತ್ತವೆ. ನೀರಲ್ಲಿ ಆಮ್ಲಜನಕ ಚೆನ್ನಾಗಿದ್ದರೆ ಮಾತ್ರ ಸೀರಿಯಂ ಅದರ ಜೊತೆ ಸೇರಿ, ಮ್ಯಾಂಗನೀಸ್ ಕಣಗಳಿಗೆ ಅಂಟಿಕೊಂಡು ತಳಕ್ಕಿಳಿಯುತ್ತದೆ. ನೀರಲ್ಲಿ ಅದರ ಪಾಲು ಕಡಿಮೆಯಾಗುತ್ತದೆ. ಜಾತ್ರೆಯ ಪಂಕ್ತಿಯಲ್ಲಿ ನಡುವಿನವನು ಎದ್ದುಹೋದರೆ ಜಾಗ ಖಾಲಿ ಕಾಣುತ್ತದಲ್ವಾ, ಹಾಗೆ. ಆ ನೀರಿನಿಂದ ಕಟ್ಟಿಕೊಂಡ ಸುಣ್ಣದಕಲ್ಲಲ್ಲೂ ಅದೇ ಖಾಲಿ ಜಾಗ ಉಳಿಯುತ್ತದೆ.

ಆಮ್ಲಜನಕ ಇಲ್ಲದ ನೀರು ಹೇಗಿರುತ್ತದೆ ಅಂತ ಅಪ್ಪನಿಗೆ ಗೊತ್ತು. ಬೇಸಿಗೆಯಲ್ಲಿ ಹೊಲದ ಬಾವಿಯ ಹೂಳು ತೆಗೆದಾಗ ಬರುತ್ತಿದ್ದ ಕಪ್ಪು ಕೆಸರು, ಗಂಧಕದಿಂದ ಬರುವ ಕೊಳೆತ ಮೊಟ್ಟೆಯ ವಾಸನೆ. ಕಪ್ಪು ಸಮುದ್ರದಲ್ಲಿ 200 ಮೀಟರ್ ಕೆಳಗೆ ಇವತ್ತಿಗೂ ಅಂಥದೇ ನೀರು. ಸುಮಾರು 240 ಕೋಟಿ ವರ್ಷಗಳ ಹಿಂದೆ ಗಾಳಿಗೆ ಆಮ್ಲಜನಕ ಸೇರತೊಡಗಿತು. ಆಮೇಲೂ ಕಡಲಿನ ಆಳ ಬಹುಕಾಲ ಹೀಗೇ ಗಂಧಕದ ನೀರಾಗಿತ್ತು ಅಂತ 1998ರಲ್ಲಿ ಡೊನಾಲ್ಡ್ ಕ್ಯಾನ್‌ಫೀಲ್ಡ್ ಬರೆದರು. ಅವರು ಇದೇ ಊರಿನ ವಿಶ್ವವಿದ್ಯಾಲಯದವರು. ಮುಂದೆ ಬೇರೆ ಬೇರೆ ಕಡೆಯ ಕಲ್ಲು ಪರೀಕ್ಷಿಸಿದಾಗ, ಆಳದ ಹೆಚ್ಚು ಭಾಗದಲ್ಲಿ ಕಬ್ಬಿಣ ಕರಗಿದ ನೀರಿತ್ತು, ಗಂಧಕದ ನೀರು ಕೆಲವು ಕಡೆ ಮಾತ್ರ ಇತ್ತು ಅಂತ ಗೊತ್ತಾಯಿತು. ಒಂದೂರಿನ ಕಲ್ಲು ನೋಡಿ ಇಡೀ ಕಡಲಿನ ಕಥೆ ಹೇಳಲು ಆಗುವುದಿಲ್ಲ. ಅದಕ್ಕೇ ನಮ್ಮ ಕಲ್ಲಿನ ಮಾತೂ ಕೇಳಬೇಕು ಅಂತ ನನಗೆ ತುಂಬಾ ಆಸೆ.

ಅಪ್ಪ, ಒಂದು ಕೆಲಸ ಮಾಡಿ. ಖಣಿಯ ಮಾಲೀಕರನ್ನು ಕೇಳಿ, ಕೆಳಗಿನ ಪದರದಿಂದ ಮೇಲಿನವರೆಗೆ ಐದಾರು ಚೂರು ತೆಗೆದಿಡಿ. ಮಳೆ, ಬಿಸಿಲು ತಾಗಿದ್ದು ಬೇಡ, ಒಳಗಿನ ಕಲ್ಲೇ ಆಗಲಿ. ಬಿಳಿ ಗೆರೆ ಇರುವುದೂ ಬೇಡ, ಅದು ಎಷ್ಟೋ ಕಾಲದ ಮೇಲೆ ಬಿರುಕಲ್ಲಿ ತುಂಬಿಕೊಂಡದ್ದು. ಯಾವುದು ಎಷ್ಟನೇ ಪದರ ಅಂತ ಚೂರಿನ ಮೇಲೆ ಪೆನ್ಸಿಲ್‌ನಿಂದ ಬರೆದಿಡಿ. ದೀಪಾವಳಿಗೆ ಬಂದಾಗ ತೆಗೆದುಕೊಂಡು ಹೋಗುತ್ತೇನೆ.

ನಿಮ್ಮ ಮಗಳು