ಹಳೆಯ ಕ್ಯಾಮೆರಾ ಕುರಿತು ಸೋದರಳಿಯನಿಗೆ

ಮಾಟುಂಗಾ, ಮುಂಬಯಿ

ಚಿರಂಜೀವಿ ಸೋದರಳಿಯನಿಗೆ ಮಾವನ ಆಶೀರ್ವಾದಗಳು.

ಕಂತಿನ ಮೇಲೆ ಹೊಸ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾ ಕೊಳ್ಳುವ ಯೋಚನೆಯಲ್ಲಿದ್ದೀಯೆಂದು ನಿನ್ನ ತಾಯಿ ತಿಳಿಸಿದಳು. ಸಂಪಾದನೆ ನಿನ್ನದು, ಬೇಡವೆನ್ನಲು ನಾನು ಯಾರು? ಆದರೆ ನೀನು ತೆಗೆಯಬೇಕೆಂದಿರುವುದು ನಮ್ಮವರ ಯಕ್ಷಗಾನ, ತಾಳಮದ್ದಳೆ, ಮನೆಯ ಸಮಾರಂಭಗಳ ಚಿತ್ರಗಳೇ ಆಗಿದ್ದರೆ, ಫೋರ್ಟ್‌ನ ಬೋರಾ ಬಜಾರಿನಲ್ಲಿ ಸುಸ್ಥಿತಿಯಲ್ಲಿರುವ ಸೆಕೆಂಡ್ ಹ್ಯಾಂಡ್ ನಿಕಾನ್ ಡಿ700 ಎಂಬ ಕನ್ನಡಿಯುಳ್ಳ ಹಳೆಯ ಕ್ಯಾಮೆರಾ ಒಂದನ್ನು ಹುಡುಕಿ, ಉಳಿದ ಹಣವನ್ನು ಒಳ್ಳೆಯ ಲೆನ್ಸಿಗೆ ಹಾಕುವುದು ಮೇಲೆಂದು ನನ್ನ ಅಭಿಪ್ರಾಯ.

2008ರಲ್ಲಿ ಬಂದ ಈ ಕ್ಯಾಮೆರಾಕ್ಕಿರುವುದು 12.1 ಮೆಗಾಪಿಕ್ಸೆಲ್ ಮಾತ್ರ. ಅಷ್ಟು ಕಡಿಮೆ ಪಿಕ್ಸೆಲ್‌ಗಳು ಫುಲ್ ಫ್ರೇಮ್ ಸೆನ್ಸರಿನ, ಅಂದರೆ ಹಳೆಯ 35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟು ದೊಡ್ಡದಾದ, ಬೆಳಕು ಹಿಡಿಯುವ ಫಲಕದ ಮೇಲೆ ಹರಡಿಕೊಂಡಿರುವುದರಿಂದ ಒಂದೊಂದರ ಪಾಲಿಗೂ ಧಾರಾಳವಾಗಿ ಬೆಳಕು ಸಿಗುತ್ತದೆ. ಆ ಸೆನ್ಸರಾದರೂ ನಿಕಾನಿನ ಅಂದಿನ ಅಗ್ರ ಮಾದರಿಯಾದ ಡಿ3ರದ್ದೇ. ಮಂದ ಬೆಳಕಿನ ರಂಗಸ್ಥಳದಲ್ಲಿ ವೇಷ ಗಿರಕಿ ಹೊಡೆಯುವಾಗ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 3200ಕ್ಕೆ ಏರಿಸಿ ತೆಗೆದರೂ ಕಿರೀಟದ ಬೇಗಡೆಯ ಹೊಳಪು, ಕಣ್ಣಿನ ಕಾಡಿಗೆಯ ಕಪ್ಪು ಎರಡೂ ಉಳಿಯುತ್ತವೆ. ಇಂದಿನ ಕ್ಯಾಮೆರಾಗಳು ಇದಕ್ಕಿಂತ ಮುಂದೆ ಹೋಗಿವೆ, ನಿಜ. ಆದರೆ ಹನ್ನೆರಡು ಅಂಗುಲದ ಪ್ರಿಂಟಿನಲ್ಲಿ ಆ ಅಂತರವನ್ನು ಹುಡುಕಿ ನೋಡಬೇಕು.

ವ್ಯೂಫೈಂಡರಿಗೆ ಕಣ್ಣಿಟ್ಟರೆ ಕಾಣುವುದು ಪರದೆಯ ಮೇಲಿನ ಬಿಂಬವಲ್ಲ; ಲೆನ್ಸಿನಿಂದ ಬಂದ ಬೆಳಕೇ ಕನ್ನಡಿಗೆ ತಾಗಿ, ಪಟ್ಟಕದೊಳಗೆ ತಿರುಗಿ ಕಣ್ಣಿಗೆ ಬರುತ್ತದೆ. ಒಂದು ಪ್ರವೇಶಕ್ಕಾಗಿ ಎಷ್ಟು ಹೊತ್ತು ಕಣ್ಣಿಟ್ಟು ಕಾದರೂ ಬ್ಯಾಟರಿ ಅಷ್ಟಾಗಿ ಇಳಿಯುವುದಿಲ್ಲ. ನನ್ನ ಬೀರುವಿನಲ್ಲಿರುವ 50 ಮಿ.ಮೀ. ಎಫ್/1.8ಡಿ ಲೆನ್ಸನ್ನು ನಿನಗೇ ಕೊಡುತ್ತೇನೆ. ಅದಕ್ಕೆ ಫೋಕಸ್ ಮಾಡುವ ಸ್ವಂತ ಮೋಟಾರಿಲ್ಲ, ಡಿ700ರ ಒಳಗಿನ ಮೋಟಾರೇ ಅದನ್ನು ತಿರುಗಿಸುತ್ತದೆ. ನಿಕಾನಿನ ಹೊಸ ಮಿರರ್‌ಲೆಸ್ ಝಡ್ ಸರಣಿಯ ಕ್ಯಾಮೆರಾಕ್ಕೆ ಕಂಪನಿಯದೇ ಎಫ್‌ಟಿಝಡ್ ಅಡಾಪ್ಟರಿನಿಂದ ಜೋಡಿಸಿದರೆ ನೀನು ಕೈಯಿಂದಲೇ ಫೋಕಸ್ ಮಾಡಬೇಕಾದೀತು.

ವಿಡಿಯೊ ಬೇಕೆಂದರೆ ಈ ಪತ್ರವನ್ನು ಇಲ್ಲಿಗೇ ಮಡಚಿಡು, ಇದರಲ್ಲಿ ಆ ಸೌಲಭ್ಯವೇ ಇಲ್ಲ. ಬ್ಯಾಟರಿ, ಲೆನ್ಸುಗಳನ್ನು ಬಿಟ್ಟೇ 995 ಗ್ರಾಂ ತೂಗುವ ಇದನ್ನು ಕುತ್ತಿಗೆಗೆ ಹಾಕಿಕೊಂಡು ಸಂಜೆಯ ಡೊಂಬಿವಿಲಿ ಲೋಕಲ್ ಹತ್ತುವುದೂ ಸುಲಭವಲ್ಲ. ಕನ್ನಡಿಯ ಸದ್ದು ಜೋರು. ತಾಳಮದ್ದಳೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತರೆ ಅರ್ಥಧಾರಿಗಳು ಮಾತು ನಿಲ್ಲಿಸಿ ನಿನ್ನತ್ತ ನೋಡಿಯಾರು.

ಕೊಳ್ಳುವಾಗ ಮೈಮೇಲಿನ ಹೊಳಪಿಗೆ ಮರುಳಾಗಬೇಡ. ಒಂದು ಚಿತ್ರ ತೆಗೆದು, ಕಡತದಲ್ಲಿ ದಾಖಲಾಗಿರುವ ಶಟರ್ ಎಣಿಕೆಯನ್ನು (ಈವರೆಗೆ ಶಟರ್ ಎಷ್ಟು ಬಾರಿ ತೆರೆದಿದೆ ಎಂಬ ಲೆಕ್ಕ) ಲ್ಯಾಪ್‌ಟಾಪಿನಲ್ಲಿ ನೋಡು. 1,50,000 ಬಾರಿಗೆ ಪರೀಕ್ಷಿಸಿದ ಶಟರ್ ಇದು. ಹಿಡಿಯ ರಬ್ಬರ್ ಸಡಿಲವಾಗಿದ್ದರೆ ಅಂಟಿಸಬಹುದು, ಆದರೆ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಕೂರುವ ಜಾಗದ ಪಿನ್ನು ಬಾಗಿದ್ದರೆ ಅದನ್ನು ಬಿಟ್ಟುಬಿಡು. ಮುಂಬಯಿಯ ಮಳೆಗಾಲದ ತೇವ ಲೆನ್ಸುಗಳ ಶತ್ರು. ಟಾರ್ಚ್ ಹಿಡಿದಾಗ ಗಾಜಿನೊಳಗೆ ಜೇಡರ ಬಲೆಯಂತಹ ಎಳೆ ಕಂಡರೆ ಅದು ಬೂಸ್ಟು, ಎಷ್ಟು ಅಗ್ಗವಾದರೂ ಮುಟ್ಟಬೇಡ.

ಶನಿವಾರ ಬಿಡುವಿದ್ದರೆ ತಿಳಿಸು, ಬೋರಾ ಬಜಾರಿಗೆ ನಾನೂ ಬರುತ್ತೇನೆ. ಲ್ಯಾಪ್‌ಟಾಪ್, ಕಾರ್ಡ್ ರೀಡರ್ ಮರೆಯದೆ ತಾ.

ಇತಿ,
ನಿನ್ನ ಸೋದರಮಾವ