ಅಳೆದವರಿಗೂ ಕಳೆದವರಿಗೂ

ಕಳೆದ ವಾರ ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆ ಮುಗಿಯಿತು. ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಸಂಶೋಧನೆಗೆ ಕೈ ಹಾಕಿದವಳು ನಾನು. ಅದು ಎಷ್ಟು ಎಳೆಯಿತೆಂದರೆ "ಯಾವಾಗ ಮುಗಿಯುತ್ತದೆ" ಎಂದು ಕೇಳುವುದನ್ನೇ ಬಂಧುಗಳು ಬಿಟ್ಟಿದ್ದರು. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಪದವಿ, ಹುದ್ದೆ, ಇಲಾಖೆಗಳಿಗಷ್ಟೇ ಜಾಗ ಸಿಕ್ಕಿತು. ಉಳಿದ ಋಣದ ಲೆಕ್ಕ ಇಲ್ಲಿದೆ.

ನಾನು ಓದಿದ್ದು ಲಕ್ಷದ್ವೀಪದ ಸುತ್ತಲಿನ ಸಮುದ್ರದ ಮಟ್ಟವನ್ನು. ಚಳಿಗಾಲದಲ್ಲಿ ಅಲ್ಲಿ ನೀರಿನ ಮೇಲ್ಮೈ ನೂರಾರು ಕಿಲೋಮೀಟರ್ ಅಗಲಕ್ಕೆ ಉಬ್ಬುತ್ತದೆ, ಮುಂಗಾರಿನಲ್ಲಿ ತಗ್ಗುತ್ತದೆ. ನಮ್ಮ ಪಶ್ಚಿಮ ಕರಾವಳಿಯುದ್ದಕ್ಕೂ ಇದೇ ಕಥೆ: ಅಲೆಗಳು ಅಬ್ಬರಿಸುವ ಮಳೆಗಾಲದಲ್ಲೇ ಸರಾಸರಿ ಮಟ್ಟ ಕೆಳಗಿರುತ್ತದೆ. ಇದನ್ನು ಹೇಳಿದರೆ ಕರಾವಳಿಯವರೇ ನಗುತ್ತಾರೆ. ಈ ಏರಿಳಿತಕ್ಕೆ ಬಂಗಾಳ ಕೊಲ್ಲಿಯಿಂದ ಹೊರಟು ಶ್ರೀಲಂಕಾವನ್ನು ಬಳಸಿ ಬರುವ ನಿಧಾನದ ಅಲೆಗಳೂ ಒಂದು ಕಾರಣ. ವ್ಯತ್ಯಾಸ ಹತ್ತಿಪ್ಪತ್ತು ಸೆಂಟಿಮೀಟರ್ ಅಷ್ಟೇ. ದೋಣಿಯಲ್ಲಿ ಕುಳಿತವರ ಕಣ್ಣಿಗೆ ಬೀಳುವಂಥದ್ದಲ್ಲ.

ಮೊದಲ ನಮಸ್ಕಾರ, ಅಂಥ ವ್ಯತ್ಯಾಸವನ್ನು ಆಕಾಶದಿಂದ ಅಳೆಯುವ ‘ಸರಳ್’ ಉಪಗ್ರಹವನ್ನು ಕಟ್ಟಿದವರಿಗೆ. 2013ರ ಫೆಬ್ರವರಿ 25ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ20 ಅದನ್ನು ಹೊತ್ತೊಯ್ದಿತು. ಎತ್ತರ ಅಳೆಯುವ ರೇಡಾರ್ ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ ಸಿಎನ್‌ಇಎಸ್‌ನದು, ಉಪಗ್ರಹದ ಒಡಲು ಇಸ್ರೋದ್ದು. ಸುಮಾರು 800 ಕಿಲೋಮೀಟರ್ ಮೇಲಿನಿಂದ ರೇಡಿಯೊ ಅಲೆಯ ಮಿಡಿತ ಕಳಿಸಿ, ನೀರಿಗೆ ತಾಗಿ ಅದು ಮರಳುವ ಕಾಲವನ್ನು ಎಣಿಸುವುದೇ ಅದರ ಕೆಲಸ. ಕೆಎ ಬ್ಯಾಂಡ್ ಎಂಬ ತೀರ ಕಿರಿದಾದ ರೇಡಿಯೊ ಅಲೆಗಳನ್ನು ಬಳಸುವ ಆ ರೇಡಾರ್ ದಡದ ಸಮೀಪದ ನೀರನ್ನೂ ಚೆನ್ನಾಗಿ ನೋಡುತ್ತದೆ. ಜಡಿಮಳೆಗೆ ಮಾತ್ರ ಸೋಲುತ್ತದೆ, ಹಾಗಾಗಿ ನನ್ನ ಆಷಾಢದ ದತ್ತಾಂಶದ ಸಾಲುಗಳಲ್ಲಿ ಅಲ್ಲಲ್ಲಿ ಖಾಲಿ ಜಾಗಗಳಿವೆ.

ಆದರೆ ಮರಳಿ ಬಂದ ಕಾಲವೊಂದರಿಂದಲೇ ಸಮುದ್ರದ ಎತ್ತರ ಸಿಗುವುದಿಲ್ಲ. ಗಾಳಿಯಲ್ಲಿನ ನೀರಾವಿ ಮಿಡಿತವನ್ನು ತಡಮಾಡಿಸುತ್ತದೆ. ನಮ್ಮ ಉಷ್ಣವಲಯದಲ್ಲಿ ಆ ತಪ್ಪು ನಾನು ಹುಡುಕುತ್ತಿದ್ದ ಉಬ್ಬಿಗಿಂತ ದೊಡ್ಡದಾಗಬಹುದು. ಅದನ್ನು ಕಳೆಯಬೇಕು. ಉಬ್ಬರವಿಳಿತವನ್ನು ಕಳೆಯಬೇಕು, ವಾಯುಭಾರದ ಪರಿಣಾಮವನ್ನು ಕಳೆಯಬೇಕು. ಉಪಗ್ರಹ ಆ ಕ್ಷಣ ಎಲ್ಲಿತ್ತೆಂಬುದನ್ನು ಸೆಂಟಿಮೀಟರುಗಳ ಮಟ್ಟಿಗೆ ತಿಳಿಯಬೇಕು. ಒಂದೊಂದು ತಿದ್ದುಪಡಿಯ ಹಿಂದೆಯೂ ವೃತ್ತಿಜೀವನ ಸವೆಸಿದವರಿದ್ದಾರೆ. ಲಕ್ಷದ್ವೀಪದ ಕವರತ್ತಿಯಲ್ಲಿ ಮಾಪಕವಿಟ್ಟು ‘ಸರಳ್’ ಹೇಳಿದ ಎತ್ತರವನ್ನು ತಾಳೆ ನೋಡಿದವರ ವರದಿ ಓದುವಾಗ, ನನ್ನ ಅಧ್ಯಾಯ ನಿಂತಿರುವುದು ಯಾರ ಹೆಗಲ ಮೇಲೆ ಎಂಬುದು ಗೊತ್ತಾಯಿತು. ಅವರಿಗೆ ಸಾಷ್ಟಾಂಗ.

2016ರ ಜುಲೈಯಲ್ಲಿ ‘ಸರಳ್’ 35 ದಿನಕ್ಕೊಮ್ಮೆ ಅದೇ ಹಾದಿಗೆ ಮರಳುವ ಕ್ರಮವನ್ನು ಬಿಟ್ಟು, ಹಾದಿ ಮೆಲ್ಲನೆ ಸರಿಯುತ್ತ ಹೋಗುವ ‘ತೇಲುವ ಕಕ್ಷೆ’ಗೆ ಹೊರಳಿತು. ಹಾದಿಗಳು ಒತ್ತೊತ್ತಾಗಿ ಬಿದ್ದು ಸಮುದ್ರತಳದ ನಕ್ಷೆ ಮಾಡುವವರಿಗೆ ಹಬ್ಬವಾಯಿತು. ಒಂದೇ ಗೆರೆಯನ್ನು ನೆಚ್ಚಿದ್ದ ನನ್ನ ಯೋಜನೆ ಮಾತ್ರ ಅಲ್ಲಿಗೆ ಮುರಿಯಿತು. ಬಿಟ್ಟುಬಿಡುತ್ತೇನೆ ಎಂದಾಗ ಮಾರ್ಗದರ್ಶಕಿ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಸಮುದ್ರದ ಮಟ್ಟವನ್ನೇ ಅಳೆಯುವ ಜೇಸನ್ ಉಪಗ್ರಹ ಸರಣಿಯ ದತ್ತಾಂಶ ತೆರೆದು ಮುಂದಿಟ್ಟರು. ಮೇಡಂ, ಆ ಮಧ್ಯಾಹ್ನಕ್ಕೆ ಋಣಿ.

ಆ ಸರಣಿಯ ಶಿಸ್ತನ್ನು ಎಷ್ಟು ಹೊಗಳಿದರೂ ಸಾಲದು. 1992ರಲ್ಲಿ ಹಾರಿದ ಟೋಪೆಕ್ಸ್/ಪೊಸೈಡಾನ್ ಹಿಡಿದ ಹಾದಿಯಲ್ಲೇ ಮೂರು ಜೇಸನ್‌ಗಳು, ಆಮೇಲೆ 2020ರ ಸೆಂಟಿನೆಲ್-6. ಪ್ರತಿ ಹೊಸಬನೂ ಹಳಬನಿಂದ ಒಂದೆರಡು ನಿಮಿಷದೊಳಗಿನ ಅಂತರದಲ್ಲಿ ತಿಂಗಳುಗಟ್ಟಲೆ ಹಾರಿ, ಒಂದೇ ನೀರನ್ನು ಅಳೆದು, ಲೆಕ್ಕ ಹೊಂದಿಸಿಕೊಂಡ ಮೇಲೆಯೇ ಜವಾಬ್ದಾರಿ ಹೊತ್ತದ್ದು. ಇಷ್ಟು ದುಬಾರಿ ಯಂತ್ರಗಳ ದತ್ತಾಂಶ ನನ್ನಂಥವಳಿಗೆ ಪುಕ್ಕಟೆ ಸಿಕ್ಕಿತು. ಹಣ ಕೊಟ್ಟ ದೇಶಗಳ ತೆರಿಗೆದಾರರೇ, ನಿಮಗೂ ವಂದನೆ.

ಮಲ್ಪೆಯ ಹಿರಿಯ ಮೀನುಗಾರರೊಬ್ಬರು, ಚಳಿಗಾಲದಲ್ಲಿ ನೀರು ಬಡಗಿಗೆ ಎಳೆಯುತ್ತದೆ, ಮಳೆಗಾಲದಲ್ಲಿ ತೆಂಕಿಗೆ ಎಂದಿದ್ದರು. ಕರಾವಳಿಯ ಮಟ್ಟದ ಏರಿಳಿತದಿಂದ ಲೆಕ್ಕ ಹಾಕಿದರೂ ಪ್ರವಾಹದ ದಿಕ್ಕು ಅದೇ ಬರುತ್ತದೆ. ಮೂರನೆಯ ಅಧ್ಯಾಯದ ನಕ್ಷೆಗಳನ್ನು ಅವರಿಗೆ ತೋರಿಸುವ ಮಾತು ಕೊಟ್ಟಿದ್ದೇನೆ, ಮುಂದಿನ ತಿಂಗಳು ಹೋಗುತ್ತೇನೆ.

ಅತ್ತೆಯವರಿಗೆ: ಊಟದ ಮೇಜಿನಿಂದ ಲ್ಯಾಪ್‌ಟಾಪ್ ತೆಗೆದಿದ್ದೇನೆ. ಸದ್ಯಕ್ಕೆ. 2022ರಲ್ಲಿ ಹಾರಿದ ಸ್ವಾಟ್ ಉಪಗ್ರಹ ಗೆರೆಯ ಬದಲು ಅಗಲವಾದ ಪಟ್ಟಿಯನ್ನೇ ಅಳೆಯುತ್ತದೆ, ಅದರ ದತ್ತಾಂಶವನ್ನು ಇನ್ನೂ ಇಳಿಸಿಕೊಂಡಿಲ್ಲ.