ವೆಜ್ ಮೀಟ್ ತಿನ್ಬೇಕಾ ಅಂತ ಕೇಳಿದ್ಯಲ್ಲ ಪುಟ್ಟಿ

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು. ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ಫೋನಲ್ಲಿ ಹೇಳಿದ್ರೆ ಅರ್ಧ ಮರೀತೀಯ, ಅದಕ್ಕೆ ಕೂತು ಟೈಪ್ ಮಾಡ್ತಿದೀನಿ. ಅಲ್ಲಿ ಅಮೆರಿಕಾದಲ್ಲಿ ನಿನ್ನ ರೂಮ್‌ಮೇಟ್ಸ್ ಬಿಯಾಂಡ್, ಇಂಪಾಸಿಬಲ್ ಅಂತ ಗಿಡದಿಂದ ಮಾಡಿದ ಬರ್ಗರ್ ತಂದು ಫ್ರೀಜರ್ ತುಂಬಿಸ್ತಾರೆ, ಜಿಮ್ಮಲ್ಲಿ ಟ್ರೇನರ್ ನೀನು ವೆಜಿಟೇರಿಯನ್ ಅಂದ ತಕ್ಷಣ ನಿಂಗೆ ಪ್ರೊಟೀನ್ ಸಾಲ್ತಿಲ್ಲ ಅದನ್ನಾದ್ರೂ ತಿನ್ನು ಅಂತಾನೆ, ತಿಂದ್ರೆ ಹೊಟ್ಟೆ ತೊಳಸುತ್ತೆ, ತಿನ್ನದಿದ್ರೆ ಮೈಗೆ ಏನಾದ್ರೂ ಕಮ್ಮಿ ಆಗುತ್ತೇನೋ ಅಂತ ಭಯ. ಇಷ್ಟೇ ತಾನೆ? ನನ್ನ ಅಭಿಪ್ರಾಯ ಮೊದ್ಲೇ ಹೇಳಿಬಿಡ್ತೀನಿ, ಅದು ನಿಂಗೆ ಬೇಕಿಲ್ಲ. ಆದ್ರೆ ಈಗ ನೀನು ತಿಂತಿರೋ ಅನ್ನ ಸಾರು ಸಾಕು ಅಂತಾನೂ ನಾನು ಹೇಳ್ತಿಲ್ಲ, ಅದನ್ನ ಆಮೇಲೆ ಹೇಳ್ತೀನಿ.

ಈ ಬರ್ಗರ್‌ಗಳನ್ನ ಮಾಡಿರೋದು ಯಾರಿಗೆ ಅಂತ ಯೋಚನೆ ಮಾಡು. ಬಿಯಾಂಡ್ ಮೀಟ್ ಶುರುವಾಗಿದ್ದು 2009ರಲ್ಲಿ, ಇಂಪಾಸಿಬಲ್ ಫುಡ್ಸ್ 2011ರಲ್ಲಿ, ಎರಡು ಕಂಪನಿಯವ್ರೂ ಮೊದ್ಲಿಂದ ಹೇಳ್ಕೊಂಡು ಬಂದಿರೋದು ಒಂದೇ, ನಮ್ಮ ಗಿರಾಕಿ ಮಾಂಸ ತಿನ್ನೋರು ಅಂತ. ಹುಟ್ಟಿದಾಗಿಂದ ಬೀಫ್ ತಿಂದು ಬೆಳೆದೋರು, ಅದನ್ನ ಬಿಡ್ಬೇಕು ಅಂತ ಮನಸ್ಸಾಗಿ ನಾಲಿಗೆ ಕೇಳದೇ ಇರೋರು, ಅವ್ರಿಗೋಸ್ಕರ ಮಾಡಿದ್ದು. ಬಿಯಾಂಡ್‌ನಲ್ಲಿ ಬಟಾಣಿ ಪ್ರೊಟೀನ್ ಇರುತ್ತೆ, ಕೆಂಪು ಬರ್ಲಿ ಅಂತ ಬೀಟ್‌ರೂಟ್ ಹಾಕ್ತಾರೆ. ಇಂಪಾಸಿಬಲ್‌ನಲ್ಲಿ ಸೋಯಾ ಪ್ರೊಟೀನು, ಅದರ ಜೊತೆ ಹೀಮ್ ಅಂತ ಕಬ್ಬಿಣದಂಶ ಇರೋ ಒಂದು ಪದಾರ್ಥ. ಇದು ಸೋಯಾ ಗಿಡದ ಬೇರಿನ ಗಂಟಲ್ಲಿ ಇರುತ್ತೆ, ಇವರು ಯೀಸ್ಟಲ್ಲಿ ತಯಾರು ಮಾಡಿ ಹಾಕ್ತಾರೆ, ಮಾಂಸದ ವಾಸನೆ, ರಕ್ತದ ರುಚಿ ಬರೋದೇ ಅದರಿಂದ. ಅಷ್ಟು ಕಷ್ಟಪಟ್ಟು ರಕ್ತದ ರುಚಿ ತಂದಿರೋದು ಅದನ್ನ ನೆನೆಸ್ಕೊಂಡು ಬಾಯಲ್ಲಿ ನೀರು ಬರೋ ಮನುಷ್ಯಂಗೆ ಕಣೆ. ನಿಂಗೆ ಅದರ ನೆನಪೇ ಇಲ್ಲ, ಹಾಗಿರೋವಾಗ ಹೊಟ್ಟೆ ತೊಳಸದೆ ಇನ್ನೇನಾಗುತ್ತೆ? ಅದಕ್ಕೆ ನೀನು ನಾಚ್ಕೊಳ್ಳೋದು ಬೇಡ, ನಾನು ಹಳ್ಳಿಗುಗ್ಗು ಅಂದ್ಕೊಳ್ಳೋದೂ ಬೇಡ.

ಹಾಗಂತ ಆ ಬರ್ಗರ್‌ನ ಬಯ್ಯೋಕೂ ನಾನು ಬಂದಿಲ್ಲ. ನಿನ್ನ ರೂಮ್‌ಮೇಟ್ ದಿನಾ ಬೀಫ್ ತಿಂತಿದ್ದೋಳು ಈಗ ವಾರದಲ್ಲಿ ನಾಲ್ಕು ದಿನ ಇದನ್ನ ತಿಂತಾಳೆ ಅಂದ್ಯಲ್ಲ, ಅದು ನಂಗೆ ನಿಜವಾಗ್ಲೂ ಸಂತೋಷ. ಒಂದು ಪ್ರಾಣಿ ಉಳೀತು, ಭೂಮಿಗೂ ಭಾರ ಕಮ್ಮಿ ಆಯ್ತು. ಅವಳಿಗೆ ಅದು ಒಳ್ಳೇ ದಾರಿ. ನಿಂದು ಬೇರೆ ದಾರಿ, ಮೊದ್ಲೇ ಬೇಳೆಕಾಳಲ್ಲಿ ಇರೋಳು ನೀನು, ಬಟಾಣಿಯನ್ನ ಫ್ಯಾಕ್ಟರಿಗೆ ಕಳಿಸಿ ಮಾಂಸದ ವೇಷ ಹಾಕ್ಸಿ ವಾಪಸ್ ತರಿಸ್ಕೊಂಡು ತಿನ್ನೋ ಅಗತ್ಯ ನಿಂಗೇನಿದೆ?

ಇನ್ನೊಂದು ವಿಷಯ, ಇದನ್ನ ಮರೀಬೇಡ. ನಮ್ಮಲ್ಲಿ ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ನೋಡಿ ತಗೊಂಡು ಅಭ್ಯಾಸ, ಮೊಟ್ಟೆ ಇದ್ರೆ ಹಸಿರು ಚುಕ್ಕೆ ಹಾಕೋ ಹಾಗೇ ಇಲ್ಲ. ಅಲ್ಲಿ ಆ ಪದ್ಧತಿ ಇಲ್ಲ, ವೆಜಿಟೇರಿಯನ್ ಅಂದ್ರೆ ಮೊಟ್ಟೆ ಸೇರಿಸ್ಕೊಂಡೇ ಲೆಕ್ಕ. ಇಂಥದ್ದೇ ವೆಜ್ ಮೀಟ್ ಮಾಡೋ ಮಾರ್ನಿಂಗ್‌ಸ್ಟಾರ್, ಕ್ವಾರ್ನ್ ಅನ್ನೋ ಕಂಪನಿಗಳ ಎಷ್ಟೋ ಐಟಮ್‌ಗಳಲ್ಲಿ ಅಂಟು ಬರ್ಲಿ ಅಂತ ಮೊಟ್ಟೆಯ ಬಿಳಿ ಹಾಕಿರ್ತಾರೆ. ಮತ್ತೆ ಹೊರಗಡೆ ತಿನ್ನೋವಾಗ್ಲೂ ಕೇಳು. 2019ರಲ್ಲಿ ಬರ್ಗರ್ ಕಿಂಗ್ ಅಮೆರಿಕಾದಲ್ಲೆಲ್ಲ ಇಂಪಾಸಿಬಲ್ ವಾಪರ್ ಅನ್ನೋ ಬರ್ಗರ್ ತಂದಾಗ ಅದನ್ನ ಮಾಂಸ ಸುಡೋ ಅದೇ ಗ್ರಿಲ್ ಮೇಲೆ ಸುಡ್ತಿದ್ರು, ಬೇರೆ ಮಾಡಿಕೊಡಿ ಅಂತ ಕೇಳಿದೋರಿಗೆ ಮಾತ್ರ ಬೇರೆ, ಅದರ ಮೇಲೆ ಅದೇ ವರ್ಷ ಕೋರ್ಟಲ್ಲಿ ಕೇಸೂ ಬಿತ್ತು. ನೀನು ಮೊಟ್ಟೆ ತಿಂತೀಯೋ ಬಿಡ್ತೀಯೋ ಅದು ನಿಂಗೆ ಬಿಟ್ಟಿದ್ದು, ದೊಡ್ಡೋಳಾಗಿದೀಯ, ಆದ್ರೆ ತಿಳ್ಕೊಂಡು ತಿನ್ನು, ಗೊತ್ತಿಲ್ದೆ ತಿನ್ಬೇಡ.

ಈಗ ಪ್ರೊಟೀನ್ ವಿಷಯಕ್ಕೆ ಬರ್ತೀನಿ, ಇಷ್ಟು ವರ್ಷ ಕಾಲೇಜಲ್ಲಿ ಹೋಮ್ ಸೈನ್ಸ್ ಪಾಠ ಮಾಡಿದೋಳು ಇದನ್ನ ಬಿಡೋಕಾಗಲ್ಲ. ನಿನ್ನ ಟ್ರೇನರ್ ಹೇಳಿದ್ದು ಪೂರ್ತಿ ಸುಳ್ಳಲ್ಲ ಪುಟ್ಟಿ. ನಮ್ಮೋರು ಬೇಳೆ ತಿಂತೀವಿ ತಿಂತೀವಿ ಅಂತಾರೆ, ತಟ್ಟೆ ನೋಡಿದ್ರೆ ಒಂದು ಗುಡ್ಡೆ ಅನ್ನ, ಮೇಲೆ ತಿಳಿಸಾರು. ಒಂದು ಸೌಟು ತಿಳಿಸಾರಲ್ಲಿ ಬೇಳೆ ಎಷ್ಟಿರುತ್ತೆ ಹೇಳು, 10 ಗ್ರಾಂ ಇದ್ರೆ ಹೆಚ್ಚು, ಅದ್ರಲ್ಲಿ ಪ್ರೊಟೀನ್ 2 ಗ್ರಾಂ. ನಮ್ಮ ಪೌಷ್ಟಿಕಾಂಶ ಸಂಸ್ಥೆ ಹೈದರಾಬಾದಿನ ಎನ್‌ಐಎನ್ 2020ರಲ್ಲಿ ಹೇಳಿರೋ ಲೆಕ್ಕ, ಮೈತೂಕದ ಕೆಜಿಗೆ ದಿನಕ್ಕೆ 0.83 ಗ್ರಾಂ ಪ್ರೊಟೀನ್. ನೀನು 58 ಕೆಜಿ ಅಂದ್ರೆ 48 ಗ್ರಾಂ ಆಗುತ್ತೆ, ಜಿಮ್ಮಲ್ಲಿ ತೂಕ ಎತ್ತೋದ್ರಿಂದ ಇನ್ನೂ ಸ್ವಲ್ಪ ಹೆಚ್ಚೇ ಇರ್ಲಿ. ಈಗ ನೋಡು, ಬೆಳಿಗ್ಗೆ 50 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿ ದೋಸೆ ಹಾಕ್ಕೊಂಡ್ರೆ 12 ಗ್ರಾಂ, ದೊಡ್ಡ ಲೋಟ ಹಾಲು 8, ಮಧ್ಯಾಹ್ನ ಒಂದು ಬಟ್ಟಲು ಗಟ್ಟಿಯಾಗಿ ಹುರುಳಿಕಾಳೋ ಅಲಸಂದೆಯೋ ಹಾಕಿದ ಹುಳಿ 11, ಒಂದು ಕಪ್ ಮೊಸರು 5, ರಾತ್ರಿ ಮೂರು ಚಪಾತಿ 9, ಸಂಜೆ ಒಂದು ಹಿಡಿ ಕಡ್ಲೇಕಾಯಿ 7. ಕೂಡಿಸು. 52 ಆಯ್ತು, ಪಲ್ಯದ್ದು ನಾನು ಲೆಕ್ಕಕ್ಕೇ ತಗೊಂಡಿಲ್ಲ. ಅಕ್ಕಿ ಗೋಧಿ ಪ್ರೊಟೀನಲ್ಲಿ ಲೈಸಿನ್ ಅನ್ನೋ ಅಂಶ ಕಮ್ಮಿ, ಬೇಳೇಲಿ ಅದು ಧಾರಾಳ, ಬೇಳೇಲಿ ಕಮ್ಮಿ ಇರೋ ಮೆಥಿಯೋನಿನ್ ಅನ್ನೋ ಇನ್ನೊಂದು ಅಂಶ ಧಾನ್ಯದಲ್ಲಿದೆ, ಅದಕ್ಕೆ ಎರಡನ್ನೂ ಜೊತೆಗೆ ತಿನ್ನು. ಬರ್ಗರ್ ಒಳಗಿಡೋ ಆ ಒಂದು ಪ್ಯಾಟೀಲೂ ಸುಮಾರು 20 ಗ್ರಾಂ ಪ್ರೊಟೀನ್ ಇದೆ, ಇಲ್ಲ ಅನ್ನಲ್ಲ, ಆದ್ರೆ ಅದ್ರ ಜೊತೆಗೆ 350-400 ಮಿಲಿಗ್ರಾಂ ಸೋಡಿಯಮ್ಮೂ, ಅಂದ್ರೆ ಉಪ್ಪಿನಂಶಾನೂ, ಬರುತ್ತೆ. ಆ ಎರಡು ಪ್ಯಾಟಿ ದುಡ್ಡಲ್ಲಿ ಇಂಡಿಯನ್ ಸ್ಟೋರಲ್ಲಿ ನಿಂಗೆ ವಾರಕ್ಕಾಗೋಷ್ಟು ಬೇಳೆ ಬರುತ್ತೆ.

ನಿಂಗೆ ಜಗಿಯೋಕೆ ಏನಾದ್ರೂ ಗಟ್ಟಿ ಬೇಕು ಅಂದ್ಯಲ್ಲ, ನುಚ್ಚಿನುಂಡೆ ಮಾಡ್ಕೋ. ಒಂದು ಕಪ್ ತೊಗರಿಬೇಳೆ ಎರಡು ಮೂರು ಗಂಟೆ ನೆನೆಸಿ ನೀರು ಪೂರ್ತಿ ಸೋಸ್ಬಿಡು, ಇಲ್ಲಿ ಅವಸರ ಮಾಡಿದ್ರೆ ಉಂಡೆ ನಿಲ್ಲಲ್ಲ. ಹಸಿಮೆಣಸು, ಶುಂಠಿ ಜೊತೆ ಒಂದು ಹನಿ ನೀರೂ ಹಾಕದೆ ತರಿತರಿಯಾಗಿ ರುಬ್ಬು, ಅಲ್ಲಲ್ಲಿ ಅರ್ಧ ಬೇಳೆ ಕಾಣ್ಬೇಕು. ಅದಕ್ಕೆ ಕಾಯಿತುರಿ, ಇಂಗು, ಉಪ್ಪು, ಕರಿಬೇವು, ಕೈತುಂಬ ಸಬ್ಬಸಿಗೆ ಸೊಪ್ಪು ಸಣ್ಣಗೆ ಹೆಚ್ಚಿ ಹಾಕಿ ಕಲಸಿ ಮುಷ್ಟೀಲಿ ಒತ್ತಿ ಉದ್ದುದ್ದ ಉಂಡೆ ಮಾಡಿ ಇಡ್ಲಿ ಪಾತ್ರೇಲಿ ಹದಿನೈದು ನಿಮಿಷ ಬೇಯಿಸು. ಸಬ್ಬಸಿಗೆ ಅಲ್ಲಿ ಅಮೆರಿಕನ್ ಅಂಗಡೀಲೇ ಡಿಲ್ ಅಂತ ಸಿಗುತ್ತೆ. ಹನ್ನೆರಡು ಉಂಡೆ ಆಗುತ್ತೆ, ನಾಲ್ಕು ತಿಂದ್ರೆ 14 ಗ್ರಾಂ ಪ್ರೊಟೀನ್ ಹೊಟ್ಟೆಗೆ ಹೋಯ್ತು, ಬಿಸಿ ಇದ್ದಾಗ ತುಪ್ಪ ಹಾಕ್ಕೋ ಅಥವಾ ಮಜ್ಜಿಗೆಹುಳಿ ಜೊತೆ. ಮಿಕ್ಕಿದ್ದನ್ನ ಫ್ರಿಜ್ಜಲ್ಲಿಟ್ಟು ಮಾರನೇ ದಿನ ಪುಡಿ ಮಾಡಿ ಒಗ್ಗರಣೆ ಹಾಕು.

ಅಷ್ಟು ಟೈಮಿಲ್ಲ ಅನ್ನೋ ದಿನಕ್ಕೆ ಮೀಲ್ ಮೇಕರ್ ಇಟ್ಕೋ. ಅದೂ ಫ್ಯಾಕ್ಟರಿ ಪದಾರ್ಥಾನೇ, ಸೋಯಾದಿಂದ ಎಣ್ಣೆ ತೆಗೆದ ಮೇಲೆ ಉಳಿದ ಹಿಟ್ಟಲ್ಲಿ ಮಾಡೋದು, ಆದ್ರೆ ಒಣಗಿದ್ದು 100 ಗ್ರಾಮಲ್ಲಿ ಅರ್ಧ ಪ್ರೊಟೀನೇ, ಉಪ್ಪು ನೀನು ಹಾಕಿದಷ್ಟೇ. ಬಿಸಿನೀರಲ್ಲಿ ನೆನೆಸಿ ಹಿಂಡಿ ಪಲಾವಿಗೆ ಹಾಕು. ಅಲ್ಲಿ ಎಳೇ ಹಲಸಿನಕಾಯಿ ಡಬ್ಬೀಲಿ ತುಂಬಿ ಮಾಂಸದ ಬದಲಿಗೆ ಅಂತ ಮಾರ್ತಾರಂತಲ್ಲ, ಅದನ್ನ ನಂಬಿ ಕೂರ್ಬೇಡ, ನಾವು ಪಲ್ಯ ಮಾಡೋ ಹಲಸೇ ಅದು, ರುಚಿಗೆ ತಿನ್ನು, 100 ಗ್ರಾಮಲ್ಲಿ ಪ್ರೊಟೀನ್ 2 ಗ್ರಾಂ ಹತ್ರ ಅಷ್ಟೇ.

ಇಷ್ಟೆಲ್ಲಕ್ಕಿಂತ ನಂಗೆ ಚಿಂತೆ ಆಗಿರೋದು ಬೇರೆ. ನೀನು ಹಾಲು ಬಿಟ್ಟು ಓಟ್ ಮಿಲ್ಕ್ ಶುರು ಮಾಡಿದೀಯಂತೆ, ಮೊಸರೂ ಕಮ್ಮಿಯಂತೆ, ನಿಮ್ಮಮ್ಮ ಹೇಳಿದ್ಲು. ವಿಟಮಿನ್ ಬಿ12 ಯಾವ ಬೇಳೇಲೂ ಇಲ್ಲ, ಯಾವ ಸೊಪ್ಪಲ್ಲೂ ಇಲ್ಲ, ನಮ್ಮಂಥೋರಿಗೆ ಅದು ಬರೋದೇ ಹಾಲು ಮೊಸರಿಂದ. ದಿನಕ್ಕೆ ಬೇಕಾಗಿರೋದು 2.4 ಮೈಕ್ರೋಗ್ರಾಂ ಅಷ್ಟೇ, ಆದ್ರೂ ನಮ್ಮ ಸಸ್ಯಾಹಾರಿಗಳಲ್ಲಿ ಎಷ್ಟೊಂದು ಜನಕ್ಕೆ ಅದು ಕಮ್ಮಿ ಇರುತ್ತೆ. ಸುಸ್ತು, ಕೈಕಾಲು ಜುಮ್ ಅನ್ನೋದು, ನಾಲಿಗೆ ಉರಿ ಹೀಗೆ ಶುರುವಾಗುತ್ತೆ, ಬಿಟ್ರೆ ನರಕ್ಕೇ ತೊಂದ್ರೆ. ಸುಸ್ತಾಗುತ್ತೆ ಅಂತ ನೀನು ಹೇಳಿದ್ದನ್ನ ಟ್ರೇನರ್ ಪ್ರೊಟೀನ್ ಲೆಕ್ಕಕ್ಕೆ ಹಾಕಿದಾನೆ, ನಾನು ಹಾಕಲ್ಲ. ಓಟ್ ಮಿಲ್ಕ್ ಡಬ್ಬಿ ಮೇಲೆ ಬಿ12 ಸೇರಿಸಿದೆ ಅಂತ ಬರೆದಿದ್ಯಾ ನೋಡು, ಇಲ್ಲದಿದ್ರೆ ಹಾಲಿಗೆ ವಾಪಸ್ ಬಾ. ಹಾಲು ಬೇಡವೇ ಬೇಡ ಅಂತ ನಿನ್ನ ಮನಸ್ಸು ಗಟ್ಟಿಯಾಗಿದ್ರೆ ಡಾಕ್ಟರ್ ಹತ್ರ ಕೇಳಿ ಮಾತ್ರೆ ತಗೋ, ಬೈಯಲ್ಲ ನಾನು.

ಫ್ರೆಂಡ್ಸ್ ಜೊತೆ ಹೊರಗೆ ಹೋದಾಗ ಅದೊಂದೇ ವೆಜ್ ಇದ್ರೆ, ನಿಂಗೆ ಸೇರುತ್ತೆ ಅಂದ್ರೆ ತಿನ್ನು, ತಪ್ಪೇನಿಲ್ಲ. ಸೇರಲ್ಲ ಅಂದ್ರೆ ಬೀನ್ಸ್ ಬುರ್ರಿಟೋ ಇರೋ ಕಡೆ ಹೋಗೋಣ ಅಂತ ನೀನೇ ಬಾಯಿಬಿಟ್ಟು ಕೇಳು, ಸಂಕೋಚಕ್ಕೆ ನುಂಗ್ಬೇಡ.

ಈ ವಾರಾನೇ ಕಾಲೇಜ್ ಹೆಲ್ತ್ ಸೆಂಟರಿಗೆ ಹೋಗಿ ಬಿ12, ಹಿಮೋಗ್ಲೋಬಿನ್, ವಿಟಮಿನ್ ಡಿ ಮೂರೂ ಟೆಸ್ಟ್ ಮಾಡಿಸು. ರಿಪೋರ್ಟ್ ಬಂದ ತಕ್ಷಣ ಫೋಟೋ ತೆಗೆದು ನಂಗೆ ಕಳಿಸು, ನಿಮ್ಮಮ್ಮಂಗೆ ನಾನು ಹೇಳ್ಕೋತೀನಿ.

ನಿನ್ನ ಪ್ರೀತಿಯ,
ದೊಡ್ಡಮ್ಮ